ಗಣಿತ ಪಾಠದಲ್ಲಿ ಒಗಟಿನ ಹಾಳೆಗಳ ಉಪಯೋಗ



ಶಾಲೆಯ ಬೆಳವಣಿಗೆ, ಪರೀಕ್ಷೆಗಳ ಫಲಿತಾಂಶ, ಆಟಪಾಟಗಳು ಇವುಗಳನ್ನು ಕುರಿತು ಈ ಸ್ಮರಣ ಸಂಚಿಕೆಯಲ್ಲಿ ಬೇರೆಯವರು ಬರೆದಿರುವರು. ನಾನಾದರೋ ಅಷ್ಟಾಗಿ ಕಣ್ಣಿಗೆ ಬೀಳದ ಒಂದು ಚಿಕ್ಕ ಸಂಗತಿಯನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಲಿಚ್ಛಿಸುತ್ತೇನೆ. ವಾರಕ್ಕೊಮ್ಮೆ ನಮ್ಮ ಹುಡುಗಿಯರು ಒಂದೊಂದು ಹಾಳೆಯನ್ನು ಮನೆಗೆ ತರುವದನ್ನು ತಾವು ನೋಡಿರಬಹುದು. ಅದರಲ್ಲಿ ಚೌಕಗಳಿರುತ್ತವೆ, ಚುಕ್ಕೆಗಳಿರುತ್ತವೆ. ಒಮ್ಮೊಮ್ಮೆ ಅಕ್ಷರಗಳೂ, ಮಾವಿನ ಹಣ್ಣುಗಳೂ, ತಕ್ಕಡಿಯ ಚಿತ್ರಗಳೂ ಇರುತ್ತವೆ. ಇದನ್ನು ಕಂಡ ಪಾಲಕರೊಬ್ಬರು, "ಬಾಯಾರ, ಇದು ಆಟ ಆಯ್ತಲ್ರಿ, ಲೆಕ್ಕ ಯಾವಾಗ ಕಲಸ್ತೀರಿ?" ಎಂದು ಕೇಳಿದರು. ಆ ಪ್ರಶ್ನೆಯು ನ್ಯಾಯವಾದದ್ದೇ. ಮಕ್ಕಳನ್ನು ಕಷ್ಟಪಟ್ಟು ಓದಿಸುವವರಿಗೆ ಶಾಲೆಯಲ್ಲಿ ನಡೆಯುವದೇನೆಂದು ತಿಳಿಯುವ ಹಕ್ಕುಂಟು. ಆ ಪ್ರಶ್ನೆಗೆ ಇಲ್ಲಿ ಸಾವಕಾಶವಾಗಿ ಉತ್ತರ ಹೇಳುವೆನು.

ಮೊದಲು ರೋಗವನ್ನು ತಿಳಿದು ಆಮೇಲೆ ಮದ್ದಿನ ವಿಚಾರ ಮಾಡುವದು ಒಳ್ಳೆಯದು. "ನಮ್ಮ ಹುಡುಗಿಯ ತಲೆಗೆ ಲೆಕ್ಕ ಹತ್ತುವದಿಲ್ಲ" ಎಂಬ ಮಾತನ್ನು ಅನೇಕ ತಾಯಿತಂದೆಗಳು ಹುಡುಗಿಯ ಎದುರಿನಲ್ಲಿಯೇ ಆಡುವದುಂಟು. ಅವರಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅವಳನ್ನು ಸಮಾಧಾನಪಡಿಸಲೆಂದೇ ಹೀಗೆ ಅನ್ನುತ್ತಾರೆ. ಆದರೆ ಹನ್ನೆರಡು ವರ್ಷದ ಹುಡುಗಿಯು ಆ ಮಾತನ್ನು ಸಮಾಧಾನವೆಂದು ಕೇಳುವದಿಲ್ಲ, ತೀರ್ಪೆಂದು ಕೇಳುತ್ತಾಳೆ. ಅಲ್ಲಿಂದ ಮುಂದೆ ಅವಳು ಲೆಕ್ಕದ ತಾಸಿನಲ್ಲಿ ಕೈಯೆತ್ತುವದಿಲ್ಲ. ಕಪ್ಪುಹಲಗೆಯ ಮೇಲಿದ್ದದ್ದನ್ನು ಅಂದವಾಗಿ ಬರೆದುಕೊಳ್ಳುತ್ತಾಳೆ, ಮತ್ತು ಪರೀಕ್ಷೆಗೆ ಉದಾಹರಣೆಗಳನ್ನು ಬಾಯಿಪಾಠ ಮಾಡುತ್ತಾಳೆ. ಹತ್ತನೆಯ ತರಗತಿ ದಾಟಿದ ಮೇಲೆ ಗಣಿತವಿದ್ದ ಯಾವ ದಾರಿಯನ್ನೂ ಅವಳು ಹಿಡಿಯಲಾರಳು. ಎಂಜಿನಿಯರಿಂಗ್, ಡಿಪ್ಲೊಮಾ, ವಿಜ್ಞಾನ ಮುಂತಾದವುಗಳ ಬಾಗಿಲುಗಳು ಯಾರೂ ಮುಚ್ಚದೆಯೇ ಮುಚ್ಚಿಕೊಳ್ಳುತ್ತವೆ. ಇದು ಬುದ್ಧಿಯ ಕೊರತೆಯಲ್ಲ, ಧೈರ್ಯದ ಕೊರತೆ.

ಈ ಧೈರ್ಯವು ಏಕೆ ಕುಂದುತ್ತದೆ? ಸಾಮಾನ್ಯವಾದ ಲೆಕ್ಕದ ಪಾಠವನ್ನು ನೆನೆಯಿರಿ. ಶಿಕ್ಷಕಿಯು ರೀತಿಯನ್ನು ಹೇಳಿಕೊಡುತ್ತಾಳೆ. ಹುಡುಗಿಯರು ಹತ್ತು ಲೆಕ್ಕಗಳನ್ನು ಮಾಡುತ್ತಾರೆ. ಪುಸ್ತಕಗಳು ಮೇಜಿನ ಮೇಲೆ ಬರುತ್ತವೆ. ಸರಿಯಾದದ್ದಕ್ಕೆ ಒಂದು ಕೆಂಪು ಗುರುತು, ತಪ್ಪಿದ್ದಕ್ಕೆ ಇನ್ನೊಂದು. ಹೀಗೆ ಉತ್ತರವು ಸರಿಯೋ ತಪ್ಪೋ ಎಂಬದು ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತದೆ. ಹುಡುಗಿಯು ಲೆಕ್ಕವನ್ನು ಮುಗಿಸಿ ಕೂಡಲೆ ಲೆಕ್ಕವನ್ನು ನೋಡದೆ ಶಿಕ್ಷಕಿಯ ಮುಖವನ್ನು ನೋಡುತ್ತಾಳೆ. ಗಣಿತವೊಂದೇ ಮನುಷ್ಯನು ಯಾರ ಅಪ್ಪಣೆಯನ್ನೂ ಕಾಯದೆ ತನ್ನ ಉತ್ತರವನ್ನು ತಾನೇ ಒರೆಗೆ ಹಚ್ಚಿ ನೋಡಬಹುದಾದ ವಿದ್ಯೆಯೆಂದರೆ ತಪ್ಪಾಗದು. ಆ ವಿದ್ಯೆಯಲ್ಲಿಯೇ ಹುಡುಗಿಯರು ಹೀಗೆ ಪರಾಧೀನರಾಗುವದು ವಿಚಿತ್ರವಲ್ಲವೇ?

ಒಗಟಿನ ಹಾಳೆಯ ಮುಖ್ಯ ಪ್ರಯೋಜನವು ಇಲ್ಲಿಯೇ ಇದೆ. ಅದು ಕಹಿಗುಳಿಗೆಯ ಮೇಲಿನ ಸಕ್ಕರೆಯಲ್ಲ. ಒಳ್ಳೆಯ ಒಗಟು ಬಿಡಿದಾಗ, ಅದು ಬಿಡಿಯಿತೆಂದು ಬಿಡಿಸಿದವಳಿಗೇ ಮೊದಲು ಗೊತ್ತಾಗುತ್ತದೆ. ಅಜ್ಜಿಯು ಹೇಳಿದ ಒಗಟಿಗೆ ಉತ್ತರ ಹೊಳೆದ ಮಗುವು ಅಜ್ಜಿ ತಲೆಯಾಡಿಸುವದಕ್ಕೆ ಮುಂಚೆಯೇ ನಗುತ್ತದಷ್ಟೆ. ಆ ನಗುವನ್ನು ಲೆಕ್ಕದ ತಾಸಿನೊಳಗೆ ತರಬೇಕೆಂಬದೇ ಈ ಹಾಳೆಗಳ ಉದ್ದೇಶ.

ಇದು ಪರದೇಶದಿಂದ ಬಂದ ಹೊಸ ಪದ್ಧತಿಯೆಂದು ಕೆಲವರು ತಿಳಿದಿರುವರು. ಹಾಗಲ್ಲ. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಇರುವ ಮಳಖೇಡವನ್ನು ತಾವೆಲ್ಲರೂ ಬಲ್ಲಿರಿ. ಇಂದು ಅಲ್ಲಿ ಹಾಳುಬಿದ್ದ ಕೋಟೆಯೂ ಹಳೆಯ ಬಸದಿಯೂ ಇವೆ. ಒಂದು ಕಾಲಕ್ಕೆ ಅದೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿತ್ತು. ಅಲ್ಲಿಂದ ೮೧೪ರಿಂದ ೮೭೮ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಕನ್ನಡಿಗರಿಗೆ 'ಕವಿರಾಜಮಾರ್ಗ'ದ ಮೂಲಕ ಪರಿಚಿತವಾಗಿದೆ. ಆದರೆ ಅವನ ಕಾಲದಲ್ಲಿಯೇ, ಸುಮಾರು ೮೫೦ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವೆಂಬ ಗ್ರಂಥವನ್ನು ಬರೆದು ಅದರ ಮೊದಲಿನಲ್ಲಿ ಆ ಅರಸನನ್ನು ಕೊಂಡಾಡಿರುವನೆಂಬದು ನಮ್ಮ ಭಾಗದ ಎಷ್ಟೋ ಜನರಿಗೆ ತಿಳಿಯದು. ಈ ಗ್ರಂಥವನ್ನು ೧೯೧೨ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಸಂಗಡ ಮದ್ರಾಸಿನಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ತೋರಿಸಿಕೊಟ್ಟರು. ಗ್ರಂಥದ ಆರಂಭದಲ್ಲಿ ಮಹಾವೀರನು ಗಣಿತವು ಎಲ್ಲೆಲ್ಲಿ ಬೇಕಾಗುವದೆಂದು ಎಣಿಸುತ್ತ ಸಂಗೀತ, ನಾಟ್ಯ, ವೈದ್ಯ, ವಾಸ್ತುಗಳ ಸಾಲಿನಲ್ಲಿ ಅಡಿಗೆಯ ಶಾಸ್ತ್ರವನ್ನೂ ಸೇರಿಸಿದ್ದಾನೆ. ಅಡಿಗೆಯ ಮನೆಯವರಿಗೆ ಲೆಕ್ಕವೇಕೆ ಎನ್ನುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಈ ಗ್ರಂಥದಲ್ಲಿ ಗುಣಾಕಾರವನ್ನು ಹೇಳಿಕೊಡುವ ಭಾಗವು ನಮ್ಮ ಹಾಳೆಗಳಿಗೆ ನೇರವಾದ ಮಾದರಿಯಾಗಿದೆ. ಮಹಾವೀರನು ಮನಸ್ಸಿಗೆ ಬಂದ ಸಂಖ್ಯೆಗಳನ್ನು ಕೊಟ್ಟು "ಗುಣಿಸಿರಿ" ಎಂದು ಸುಮ್ಮನಾಗಲಿಲ್ಲ. ಗುಣಲಬ್ಧವು ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಬಗೆಯಾಗಿ ಕಾಣುವಂಥ ಸಂಖ್ಯೆಗಳನ್ನು ಹುಡುಕಿ ಕೊಟ್ಟನು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧ ಬರುತ್ತದೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧, ಅಂದರೆ ಎಂಟು ಒಂದುಗಳ ಮಾಲೆಯಾಗುತ್ತದೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧ ಆಗುತ್ತದೆ. ಗುಣಿಸುವಾಗ ಒಂದು ದಶಕವನ್ನು ಕೂಡಿಸಲು ಮರೆತರೂ ಸಾಕು, ಹಾರದ ಮಣಿಯೊಂದು ಕೆಟ್ಟು ಕಾಣುತ್ತದೆ. ಹುಡುಗಿಯು ತಾನಾಗಿಯೇ ಹಿಂದಿರುಗಿ ತಪ್ಪನ್ನು ಹುಡುಕುತ್ತಾಳೆ. ಹಾರವು ಪೂರ್ಣವಾದರೆ ಶಿಕ್ಷಕಿಯ ಕೆಂಪು ಗುರುತಿನ ಅವಶ್ಯಕತೆಯೇ ಇಲ್ಲ. ಉತ್ತರದ ಚೆಲುವೇ ಅದರ ಸಾಕ್ಷಿ. ಹನ್ನೊಂದು ಶತಮಾನಗಳಿಗೂ ಹಿಂದೆ ನಮ್ಮ ನಾಡಿನ ಒಬ್ಬ ಗುರುವು ಈ ಗುಟ್ಟನ್ನು ಅರಿತಿದ್ದನು.

ಅದೇ ಗ್ರಂಥದ ಇನ್ನೊಂದು ಪ್ರಶ್ನೆಯನ್ನು ನೋಡಿರಿ. ಅದರ ಭಾವವು ಹೀಗಿದೆ: ಒಂದು ಕಡೆ ಮಾವಿನ ಹಣ್ಣುಗಳ ರಾಶಿಯಿತ್ತು. ಅರಸನು ಅದರಲ್ಲಿ ಆರನೆಯ ಒಂದು ಭಾಗವನ್ನು ತೆಗೆದುಕೊಂಡನು. ಉಳಿದದ್ದರಲ್ಲಿ ಐದನೆಯ ಒಂದು ಭಾಗವನ್ನು ರಾಣಿಯು ತೆಗೆದುಕೊಂಡಳು. ಆಮೇಲೆ ಮೂವರು ಹಿರಿಯ ರಾಜಕುಮಾರರು ಒಬ್ಬರಾದ ಮೇಲೊಬ್ಬರು ಉಳಿದದ್ದರಲ್ಲಿ ಕಾಲು ಭಾಗ, ಮೂರನೆಯ ಒಂದು ಭಾಗ, ಅರ್ಧ ಭಾಗ ಹೀಗೆ ತೆಗೆದುಕೊಂಡರು. ಎಲ್ಲರಿಗೂ ಕಿರಿಯ ಮಗುವಿಗೆ ಮೂರು ಹಣ್ಣುಗಳು ಉಳಿದವು. ಹಾಗಾದರೆ ಮೊದಲು ರಾಶಿಯಲ್ಲಿ ಎಷ್ಟು ಹಣ್ಣುಗಳಿದ್ದವು?

ಒಂಬತ್ತನೆಯ ತರಗತಿಯ ಹುಡುಗಿಯು ತಿಳಿಯದ ಸಂಖ್ಯೆಗೆ ಒಂದು ಅಕ್ಷರವನ್ನಿಟ್ಟು ಬೀಜಗಣಿತದಿಂದ ಇದನ್ನು ಬಿಡಿಸುತ್ತಾಳೆ. ಆರನೆಯ ತರಗತಿಯ ಚಿಕ್ಕವಳಿಗೆ ಬೀಜಗಣಿತ ಬಾರದು. ಆದರೆ ಅವಳು ಕಡೆಯಿಂದ ಹಿಂದಕ್ಕೆ ಬರಬಲ್ಲಳು. ಮಗುವಿಗೆ ಮೂರು ಉಳಿದವು. ಅದಕ್ಕೆ ಮೊದಲು ಒಬ್ಬನು ಅರ್ಧವನ್ನು ಒಯ್ದಿದ್ದನು. ಆದುದರಿಂದ ಆಗ ಆರು ಇದ್ದವು. ಅದಕ್ಕೂ ಮೊದಲು ಮೂರರಲ್ಲಿ ಒಂದು ಪಾಲು ಹೋಗಿ ಆರು ಉಳಿದಿದ್ದವು. ಆದುದರಿಂದ ಒಂಬತ್ತು ಇದ್ದವು. ಹೀಗೆಯೇ ಹನ್ನೆರಡು, ಹದಿನೈದು, ಕಡೆಗೆ ಹದಿನೆಂಟು. ಈಗ ಅವಳು ಮೇಲಿಂದ ಹಂಚಿ ನೋಡಲಿ: ಅರಸನಿಗೆ ಮೂರು, ರಾಣಿಗೆ ಮೂರು, ಪ್ರತಿಯೊಬ್ಬ ಕುಮಾರನಿಗೆ ಮೂರು, ಮಗುವಿಗೂ ಮೂರು. ಆರನೆಯ ಒಂದು, ಐದನೆಯ ಒಂದು, ಅರ್ಧ ಎಂದು ಬೇರೆ ಬೇರೆಯಾಗಿ ಕಾಣುವ ಪಾಲುಗಳು ನಿಜವಾಗಿ ಸಮಪಾಲುಗಳೇ! ಈ ಆಶ್ಚರ್ಯದಲ್ಲಿ ಭಿನ್ನರಾಶಿಯ ತಿರುಳೆಲ್ಲ ಅಡಗಿದೆ. ಅರ್ಧವೆಂದರೆ ಯಾವದರ ಅರ್ಧವೆಂದು ಕೇಳದೆ ಅದರ ಬೆಲೆಯನ್ನು ಹೇಳಲಾಗದು. ಈ ಮಾತನ್ನು ಹಲಗೆಯ ಮೇಲೆ ಹತ್ತು ಸಲ ಬರೆದರೂ ಮರೆಯುವ ಹುಡುಗಿಯು ಮಾವಿನ ರಾಶಿಯಲ್ಲಿ ಒಮ್ಮೆ ಕಂಡದ್ದನ್ನು ಮರೆಯಲಾರಳು.

ಮಹಾವೀರನೊಬ್ಬನೇ ಅಲ್ಲ. ೧೧೫೦ರಲ್ಲಿ ಭಾಸ್ಕರಾಚಾರ್ಯನು ರಚಿಸಿದ 'ಲೀಲಾವತಿ'ಯಲ್ಲಿ ಅನೇಕ ಪ್ರಶ್ನೆಗಳು ಒಬ್ಬ ಬಾಲೆಯನ್ನು ಸಂಬೋಧಿಸಿ ಕೇಳಿದವುಗಳಾಗಿವೆ. ಅದೇ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. ನಮಗೆ ಸಮೀಪದ ಕಾಲಕ್ಕೆ ಬಂದರೆ, ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾಮಾಸ್ತರರಾಗಿದ್ದ ದ. ರಾ. ಕಾಪ್ರೇಕರರು ೬೧೭೪ ಎಂಬ ಸಂಖ್ಯೆಯ ಚಮತ್ಕಾರವನ್ನು ಕಂಡುಹಿಡಿದು ೧೯೪೯ರಲ್ಲಿ ವಿದ್ವಾಂಸರ ಮುಂದಿಟ್ಟರು. ನಾಲ್ಕು ಅಂಕಿಗಳ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಿರಿ. ನಾಲ್ಕೂ ಅಂಕಿಗಳು ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಯುವ ಕ್ರಮದಲ್ಲಿಯೂ ಏರುವ ಕ್ರಮದಲ್ಲಿಯೂ ಬರೆದು ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದದ್ದಕ್ಕೂ ಹಾಗೆಯೇ ಮಾಡಿರಿ. ಉದಾಹರಣೆಗೆ ೩೫೨೪ ಎಂದಿಟ್ಟುಕೊಳ್ಳೋಣ. ೫೪೩೨ರಲ್ಲಿ ೨೩೪೫ ಕಳೆದರೆ ೩೦೮೭. ೮೭೩೦ರಲ್ಲಿ ೦೩೭೮ ಕಳೆದರೆ ೮೩೫೨. ೮೫೩೨ರಲ್ಲಿ ೨೩೫೮ ಕಳೆದರೆ ೬೧೭೪. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಗಳೊಳಗಾಗಿ ಈ ೬೧೭೪ಕ್ಕೇ ಬಂದು ಮುಟ್ಟುತ್ತೇವೆ. ಐದು ವ್ಯವಕಲನದ ಲೆಕ್ಕಗಳನ್ನು ಕೊಟ್ಟರೆ ನಿಟ್ಟುಸಿರು ಬಿಡುವ ಹುಡುಗಿಯು ಈ ಹಾಳೆಯನ್ನು ಹಿಡಿದರೆ ಇಪ್ಪತ್ತನ್ನು ತಾನಾಗಿಯೇ ಮಾಡುತ್ತಾಳೆ. ಜಪಾನಿನಲ್ಲಿಯೂ ತೆತ್ಸುಯ ಮಿಯಾಮೊತೊ ಎಂಬ ಗಣಿತ ಶಿಕ್ಷಕರು ೨೦೦೪ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ 'ಕೆನ್‌ಕೆನ್' ಎಂಬ ಚೌಕದ ಒಗಟನ್ನು ರಚಿಸಿದರು. ಅದೀಗ ದೇಶದೇಶಗಳಲ್ಲಿ ಹಬ್ಬಿದೆ. ಈ ಇಬ್ಬರೂ ಹಲಗೆಯ ಮುಂದೆ ನಿಂತು ಪಾಠ ಹೇಳಿದ ಶಿಕ್ಷಕರೆಂಬದನ್ನು ಗಮನಿಸತಕ್ಕದ್ದು.

ಇನ್ನು ನಮ್ಮ ಶಾಲೆಯಲ್ಲಿ ಈ ಹಾಳೆಗಳನ್ನು ಹೇಗೆ ತಯಾರಿಸುತ್ತೇವೆಂಬದನ್ನು ಒಂದು ಉದಾಹರಣೆಯಿಂದ ವಿವರಿಸುವೆನು. ಭಿನ್ನರಾಶಿಯ ಪಾಠವು ಮುಗಿದ ಮೇಲೆ ಕೊಡುವ ಹಾಳೆಯಲ್ಲಿ ನಾಲ್ಕು ಲೆಕ್ಕಗಳಿರುತ್ತವೆ. ಮೊದಲನೆಯದು, ೧/೨ಕ್ಕೆ ೧/೩ನ್ನು ಕೂಡಿಸುವದು. ಎರಡನೆಯದು, ೩/೪ರಲ್ಲಿ ೧/೨ನ್ನು ಕಳೆಯುವದು. ಮೂರನೆಯದು, ೨/೩ನ್ನು ೩/೭ರಿಂದ ಗುಣಿಸುವದು. ನಾಲ್ಕನೆಯದು, ೧/೨ನ್ನು ೧/೪ರಿಂದ ಭಾಗಿಸುವದು. ಹಾಳೆಯ ಕೆಳಗೆ ಉತ್ತರಗಳ ಒಂದು ಪಟ್ಟಿಯಿದ್ದು ಪ್ರತಿಯೊಂದು ಉತ್ತರದ ಎದುರಿಗೆ ಒಂದು ಅಕ್ಷರವಿರುತ್ತದೆ. ೫/೬ಕ್ಕೆ 'ಮ', ೧/೪ಕ್ಕೆ 'ಳ', ೨/೭ಕ್ಕೆ 'ಖೇ', ೨ಕ್ಕೆ 'ಡ'. ನಾಲ್ಕು ಉತ್ತರಗಳೂ ಸರಿಯಾದರೆ ಅಕ್ಷರಗಳು ಕೂಡಿ 'ಮಳಖೇಡ'ವಾಗುತ್ತದೆ. ಹೆಸರು ಮೂಡಿದೊಡನೆ ಹುಡುಗಿಯು ಯಾರನ್ನೂ ಕೇಳದೆ ತನ್ನ ಲೆಕ್ಕವು ಸರಿಯೆಂದು ತಿಳಿದುಕೊಳ್ಳುತ್ತಾಳೆ.

ಪಟ್ಟಿಯಲ್ಲಿ ಈ ನಾಲ್ಕೇ ಉತ್ತರಗಳಿದ್ದರೆ ಹಾಳೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಹುಡುಗಿಯರು ಊಹೆಯಿಂದಲೇ ತುಂಬಿಬಿಡುವರು. ಆದುದರಿಂದ ಸಾಮಾನ್ಯವಾಗಿ ಮಾಡುವ ತಪ್ಪುಗಳಿಂದ ಬರುವ ಉತ್ತರಗಳನ್ನೂ ಅಲ್ಲಿ ಸೇರಿಸಿ ಅವಕ್ಕೂ ಅಕ್ಷರಗಳನ್ನು ಕೊಡುತ್ತೇವೆ. ಮೊದಲನೆಯ ಲೆಕ್ಕದಲ್ಲಿ ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿಸಿದವಳಿಗೆ ೨/೫ ಬರುತ್ತದೆ; ಅದರ ಎದುರಿಗೆ 'ಕಾ' ಇರುತ್ತದೆ. ನಾಲ್ಕನೆಯದರಲ್ಲಿ ಭಾಗಿಸುವ ಬದಲು ಗುಣಿಸಿದವಳಿಗೆ ೧/೮ ಬರುತ್ತದೆ. ಅದರ ಎದುರಿಗೆ 'ವಾ'. 'ಕಾಳಖೇಡ' ಎಂಬ ಊರು ಎಲ್ಲಿಯೂ ಇಲ್ಲವೆಂದು ಕಂಡ ಹುಡುಗಿಯು ಮೊದಲನೆಯ ಲೆಕ್ಕಕ್ಕೆ ಹಿಂದಿರುಗುತ್ತಾಳೆ. ಅವಳು ಹಿಂದಿರುಗದಿದ್ದರೂ ಚಿಂತೆಯಿಲ್ಲ. ಆ ಒಂದು 'ಕಾ' ಅಕ್ಷರವನ್ನು ನೋಡಿದ ಕೂಡಲೆ ಅವಳು ಎಲ್ಲಿ ಎಡವಿದಳೆಂಬದು ಶಿಕ್ಷಕಿಗೆ ಗೊತ್ತಾಗುತ್ತದೆ. ನಲವತ್ತು ಹುಡುಗಿಯರ ತರಗತಿಯಲ್ಲಿ ಹದಿನೈದು ಜನರು 'ಕಾ' ಬರೆದಿದ್ದರೆ, ಮರುದಿನ ಯಾವ ಪಾಠವನ್ನು ಇನ್ನೊಮ್ಮೆ ಹೇಳಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ತಪ್ಪು ಮಾಡಿದವಳನ್ನು ಗದರಿಸುವದಕ್ಕಿಂತ ತಪ್ಪು ಹುಟ್ಟಿದ ಸ್ಥಳವನ್ನು ತಿಳಿಯುವದು ಮೇಲಲ್ಲವೇ?

ಒಗಟಿನ ಸಾಮಗ್ರಿಯನ್ನು ಆದಷ್ಟು ಮಟ್ಟಿಗೆ ನಮ್ಮ ಸುತ್ತಮುತ್ತಲಿನಿಂದಲೇ ಆರಿಸುತ್ತೇವೆ. ಶಹಾಬಾದದ ಕಲ್ಲಿನ ಹಾಸುಗಳು ನಮ್ಮ ಭಾಗದ ಮನೆಮನೆಗಳ ನೆಲದಲ್ಲಿವೆ. "ಹದಿನಾರು ಅಡಿ ಉದ್ದ, ಹತ್ತು ಅಡಿ ಅಗಲದ ಪಡಸಾಲೆಗೆ ಒಂದೇ ಅಳತೆಯ ಚೌಕಾದ ಕಲ್ಲುಗಳನ್ನು, ಒಂದನ್ನೂ ಒಡೆಯದೆ ಹಾಸಬೇಕು. ಅತಿ ದೊಡ್ಡ ಕಲ್ಲು ಎಷ್ಟು ಅಡಿಯದಾಗಬಹುದು? ಎಷ್ಟು ಕಲ್ಲುಗಳು ಬೇಕು?" ಎಂಬದು ಒಂದು ಒಗಟು. ಎರಡು ಅಡಿಯ ಕಲ್ಲುಗಳು ನಲವತ್ತು ಬೇಕೆಂಬದು ಉತ್ತರ. ಮಹತ್ತಮ ಸಾಮಾನ್ಯ ಅಪವರ್ತನವೆಂಬ ಭಾರವಾದ ಹೆಸರಿನ ಪಾಠವು ಇದೇ. ಈ ಹಾಳೆಯನ್ನು ಕೊಟ್ಟ ದಿನ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಹೇಳಿದವಳು ಅಲ್ಲಿಯ ವರೆಗೆ ಲೆಕ್ಕದ ತಾಸಿನಲ್ಲಿ ಬಾಯಿ ತೆರೆಯದಿದ್ದ ಒಬ್ಬ ಹುಡುಗಿ. ಅವಳ ತಂದೆಯು ಕಲ್ಲು ಹಾಸುವ ಕೆಲಸದವನು. ತಾನು ಮನೆಯಲ್ಲಿ ದಿನಾಲು ಕೇಳುವ ಮಾತೇ ಪುಸ್ತಕದ ಪಾಠವೆಂದು ಅವಳಿಗೆ ಅಂದು ತಿಳಿಯಿತು. ಆ ಮೇಲೆ ಅವಳು ಕೈಯೆತ್ತಲು ಅಂಜುತ್ತಿರಲಿಲ್ಲ.

ಹೀಗೆಯೇ ನಮ್ಮ ಸೀಮೆಯ ತೊಗರಿಯೂ ಒಗಟಿಗೆ ಬರುತ್ತದೆ. ಒಂದು, ಮೂರು, ಒಂಬತ್ತು, ಇಪ್ಪತ್ತೇಳು ಕಿಲೋಗಳ ನಾಲ್ಕೇ ತೂಕದ ಕಲ್ಲುಗಳಿಂದ ಒಂದರಿಂದ ನಲವತ್ತರ ವರೆಗೆ ಎಷ್ಟು ಕಿಲೋ ಬೇಳೆಯನ್ನಾದರೂ ತೂಗಬಹುದು. ತೂಕದ ಕಲ್ಲನ್ನು ಬೇಳೆಯಿರುವ ಪರಡಿಯಲ್ಲಿಯೂ ಇಡಬಹುದೆಂದು ಹೊಳೆದರೆ ಸರಿ. ಐದು ಕಿಲೋ ತೂಗಲು ಒಂದು ಕಡೆ ಒಂಬತ್ತನ್ನೂ ಬೇಳೆಯ ಕಡೆ ಒಂದು ಮತ್ತು ಮೂರನ್ನೂ ಇಟ್ಟರಾಯಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ತೆರೆದ ರೈಲುದಾರಿಯ ಮೇಲೆ ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಎಂಬ ಐದು ನಿಲ್ದಾಣಗಳನ್ನು ಮಾತ್ರ ತೆಗೆದುಕೊಂಡು, ಒಂದರಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಬಗೆಯ ತಿಕೀಟುಗಳು ಬೇಕೆಂದು ಕೇಳಿದರೆ, ಐದನ್ನು ನಾಲ್ಕರಿಂದ ಗುಣಿಸಿ ಇಪ್ಪತ್ತೆನ್ನುವದನ್ನು ಹುಡುಗಿಯರು ಗೆರೆಗಳನ್ನೆಳೆದು ತಾವೇ ಕಂಡುಕೊಳ್ಳುತ್ತಾರೆ. ಚಂದ್ರಂಪಳ್ಳಿಯ ಜಲಾಶಯದಂಥ ಒಂದು ದೊಡ್ಡ ನೀರಿನ ಹರವಿನಲ್ಲಿ ಅಂತರಗಂಗೆಯು ದಿನಕ್ಕೆ ಇಮ್ಮಡಿಯಾಗಿ ಬೆಳೆದು ಮೂವತ್ತನೆಯ ದಿನ ಪೂರ್ಣ ಮುಚ್ಚಿದರೆ, ಅರ್ಧ ಮುಚ್ಚಿದ್ದು ಯಾವ ದಿನವೆಂದು ಕೇಳುವದುಂಟು. "ಹದಿನೈದನೆಯ ದಿನ" ಎಂದು ಮೊದಲು ಅನ್ನುವವರೇ ಹೆಚ್ಚು. ಇಪ್ಪತ್ತೊಂಬತ್ತನೆಯ ದಿನವೆಂದು ತಿಳಿದಾಗ ಇಮ್ಮಡಿಯ ಬಲವು ಅವರಿಗೆ ಮನದಟ್ಟಾಗುತ್ತದೆ. ಬಾಗಿಲ ಮುಂದಿನ ಚುಕ್ಕೆಯ ರಂಗೋಲಿಯು ಕೂಡ ಗಣಿತವೇ: ಒಂದು, ಮೂರು, ಐದು, ಏಳು ಹೀಗೆ ಬೆಸಸಂಖ್ಯೆಗಳ ಚುಕ್ಕೆಗಳನ್ನು ಸಾಲಾಗಿ ಇಡುತ್ತ ಹೋದರೆ ಮೊತ್ತವು ಒಂದು, ನಾಲ್ಕು, ಒಂಬತ್ತು, ಹದಿನಾರು ಎಂದು ವರ್ಗಸಂಖ್ಯೆಗಳಾಗುತ್ತ ಹೋಗುತ್ತದೆ.

ಈ ಹಾಳೆಗಳಿಂದಲೇ ಎಲ್ಲವೂ ಆಗುವದೆಂದು ನಾನು ಹೇಳುವದಿಲ್ಲ. ಮಗ್ಗಿಯನ್ನು ಬಾಯಿಪಾಠ ಮಾಡಲೇಬೇಕು. ಏಳೆಂಟಲೆ ಎಷ್ಟೆಂದು ತಡವರಿಸುವವಳು ಒಗಟಿನ ನಡುದಾರಿಯಲ್ಲಿ ದಣಿದು ಕೂಡುವಳು. ಆದುದರಿಂದ ಹಾಳೆಯ ಹಿಂಬದಿಯಲ್ಲಿ ಅದೇ ರೀತಿಯ ಐದು ಸಾದಾ ಲೆಕ್ಕಗಳು ಯಾವಾಗಲೂ ಇರುತ್ತವೆ. ಅಂದಿನ ಪಾಠಕ್ಕೆ ಸಂಬಂಧವಿಲ್ಲದ ಒಗಟನ್ನು, ಅದು ಎಷ್ಟೇ ಸ್ವಾರಸ್ಯವಾಗಿದ್ದರೂ, ತರಗತಿಗೆ ತರುವದಿಲ್ಲ. ಪಾಠದ ರೀತಿಯನ್ನು ಬಳಸದೆ ಒಗಟು ಬಿಡಿಯಬಾರದು; ಇದು ಹಾಳೆಯ ಯೋಗ್ಯತೆಯ ಪರೀಕ್ಷೆ. ಮೊದಲು ಮುಗಿಸಿದವಳಿಗೆ ಬಹುಮಾನವಿಲ್ಲ. ಬೆಂಗಳೂರಿನಲ್ಲಿ ೧೯೨೯ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರು ೧೯೮೦ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ೨೮ ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ ಲೋಕವನ್ನು ಬೆರಗುಗೊಳಿಸಿದರು. ಅವರು ಒಗಟುಗಳ ಪುಸ್ತಕಗಳನ್ನೂ ಬರೆದರು. ನಮ್ಮ ನಾಡಿನ ಹೆಣ್ಣುಮಗಳೆಂದು ಅವರ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ವೇಗವೇ ಗಣಿತವೆಂದು ಮಕ್ಕಳು ತಿಳಿಯಬಾರದು. ನಿಧಾನವಾಗಿ ವಿಚಾರಿಸುವ ಹುಡುಗಿಯು ಅನೇಕ ಸಲ ಆಳವಾಗಿ ವಿಚಾರಿಸುತ್ತಾಳೆ. ನಮ್ಮಲ್ಲಿ ಇಬ್ಬಿಬ್ಬರು ಕೂಡಿ ಒಂದು ಹಾಳೆಯನ್ನು ಬಿಡಿಸುತ್ತಾರೆ. ಉತ್ತರ ಬಂದ ಮೇಲೆ ಒಬ್ಬಳು ಎದ್ದು ನಿಂತು ಅದು ಹೇಗೆ ಬಂತೆಂದು ಉಳಿದವರಿಗೆ ಬಿಡಿಸಿ ಹೇಳಬೇಕು. ಹೇಳಲು ಬಂದರೆ ಮಾತ್ರ ಲೆಕ್ಕ ಬಂದಂತೆ.

ಪರೀಕ್ಷೆಯಲ್ಲಿ ಒಗಟು ಬರುವದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ಆದರೆ ಪರೀಕ್ಷೆಯಲ್ಲಿ ಪುಸ್ತಕದಲ್ಲಿಲ್ಲದ ಲೆಕ್ಕ ಬಂದರೆ ಬಾಯಿಪಾಠ ಮಾಡಿದವಳು ಬರಿಯ ಹಾಳೆಯನ್ನು ಒಪ್ಪಿಸುತ್ತಾಳೆ, ಒಗಟು ಬಿಡಿಸಿ ರೂಢಿಯಿದ್ದವಳು ಅದನ್ನು ಮತ್ತೊಂದು ಒಗಟೆಂದು ಎಣಿಸಿ ಒಂದೆರಡು ದಾರಿಗಳನ್ನು ಹಿಡಿದು ನೋಡುತ್ತಾಳೆ. ಮೊಬೈಲಿನಲ್ಲಿ ಎಲ್ಲ ಉತ್ತರಗಳೂ ಸಿಗುವಾಗ ಈ ಶ್ರಮವೇಕೆ ಎಂದು ಇನ್ನು ಕೆಲವರು ಕೇಳುತ್ತಾರೆ. ಮೊಬೈಲು ಕೂಡಿಸಿ ಕಳೆಯಬಲ್ಲದು, ಕೇಳಿದರೆ ಉತ್ತರವನ್ನೂ ಹೇಳಬಲ್ಲದು. ಆದರೆ ಎದುರಿಗೆ ಕುಳಿತವರು ಲೆಕ್ಕದಲ್ಲಿ ನಮ್ಮನ್ನು ಮೋಸಗೊಳಿಸುತ್ತಿರುವರೆಂಬ ಸಂಶಯವು ನಮ್ಮ ಮನಸ್ಸಿನಲ್ಲಿಯೇ ಮೊದಲು ಹುಟ್ಟಬೇಕು.

ಹಳೆಯ ವಿದ್ಯಾರ್ಥಿನಿಯರು ಈ ಮಾತನ್ನು ಅನುಭವದಿಂದ ಬಲ್ಲರು. ತಮ್ಮಲ್ಲಿ ಅನೇಕರು ಈಗ ಸಂಸಾರವನ್ನು ನಡೆಸುತ್ತಿರುವಿರಿ. ಕೆಲವರು ಸ್ವಸಹಾಯ ಸಂಘಗಳ ಪುಸ್ತಕಗಳನ್ನು ಬರೆಯುತ್ತಿರುವಿರಿ. ಒಬ್ಬನು, "ನೂರಕ್ಕೆ ತಿಂಗಳಿಗೆ ಎರಡೇ ರೂಪಾಯಿ ಬಡ್ಡಿ" ಎನ್ನುತ್ತಾನೆ. ಇನ್ನೊಬ್ಬನು, "ನೂರಕ್ಕೆ ವರ್ಷಕ್ಕೆ ಇಪ್ಪತ್ತು" ಎನ್ನುತ್ತಾನೆ. ಕಿವಿಗೆ ಎರಡು ಹಗುರ, ಇಪ್ಪತ್ತು ಭಾರ. ಆದರೆ ತಿಂಗಳಿಗೆ ಎರಡೆಂದರೆ ವರ್ಷಕ್ಕೆ ಇಪ್ಪತ್ತನಾಲ್ಕು! ಇದು ಎಂಟನೆಯ ತರಗತಿಯ ಒಂದು ಹಾಳೆಯ ಒಗಟು. ಇದನ್ನು ಒಮ್ಮೆ ಬಿಡಿಸಿದವಳು ಸಾಲದ ಕಾಗದಕ್ಕೆ ಹೆಬ್ಬೆಟ್ಟನ್ನಾಗಲಿ ಸಹಿಯನ್ನಾಗಲಿ ಹಾಕುವ ಮೊದಲು ಒಂದು ಗಳಿಗೆ ನಿಲ್ಲುವಳು. "ಅವರು ಹೇಳಿದರು, ನಾನು ಹಾಕಿದೆ" ಎಂದು ಆಮೇಲೆ ಕಣ್ಣೀರಿಡುವ ಹೆಂಗಸರನ್ನು ನಾವೆಲ್ಲರೂ ಕಂಡಿದ್ದೇವೆ. ಉತ್ತರವು ಸರಿಯೋ ತಪ್ಪೋ ಎಂದು ತಾನೇ ನೋಡಿಕೊಳ್ಳುವ ಅಭ್ಯಾಸವನ್ನು ಶಾಲೆಯಲ್ಲಿ ಕಲಿಯದವಳಿಗೆ ಅದನ್ನು ಲೋಕವು ಬಹಳ ದುಬಾರಿಯಾಗಿ ಕಲಿಸುತ್ತದೆ.

ಕಡೆಯದಾಗಿ ಪಾಲಕರಲ್ಲಿ ನನ್ನ ಬಿನ್ನಹಗಳಿವು. ಹಾಳೆಯು ಮನೆಗೆ ಬಂದಾಗ ಅರ್ಧ ತಾಸು ಮಗಳ ಬಳಿಯಲ್ಲಿ ಕುಳಿತುಕೊಳ್ಳಿರಿ. ತಮಗೆ ಓದುಬರಹ ಬಾರದಿದ್ದರೂ ಸಂಕೋಚ ಬೇಡ. ಅವಳು ಓದಿ ಹೇಳಲಿ, ತಾವು ಕೇಳಿರಿ. ತೂಕ, ಅಳತೆ, ಹಂಚಿಕೆಗಳಲ್ಲಿ ತಮಗಿರುವ ಅನುಭವವು ಅವಳಿಗಿಲ್ಲ. ಉತ್ತರ ಗೊತ್ತಿದ್ದರೂ ಹೇಳಬೇಡಿರಿ; "ಹ್ಯಾಂಗ ಬಂತವ್ವಾ?" ಎಂದು ಮಾತ್ರ ಕೇಳಿರಿ. ಅವಳ ಅಣ್ಣತಮ್ಮಂದಿರ ಸಂಗಡ ಅವಳನ್ನು ಹೋಲಿಸಬೇಡಿರಿ. ಎಲ್ಲಕ್ಕೂ ಮಿಗಿಲಾಗಿ, ಲೆಕ್ಕವು ಅವಳ ತಲೆಗೆ ಹತ್ತುವದಿಲ್ಲವೆಂಬ ಮಾತನ್ನು ಇಂದಿನಿಂದ ಮನೆಯಲ್ಲಿ ಆಡದಿರಿ. ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಉದ್ಯೋಗಗಳಲ್ಲಿ, ಅದು ಅಂಗಡಿಯಿರಲಿ, ಆಸ್ಪತ್ರೆಯಿರಲಿ, ಹೊಲಿಗೆಯಿರಲಿ, ಎದುರಾಗುವ ಲೆಕ್ಕದ ತೊಡಕುಗಳನ್ನು ಒಂದು ಚೀಟಿಯಲ್ಲಿ ಬರೆದು ಶಾಲೆಗೆ ಕಳುಹಿಸಿದರೆ ಅವುಗಳಿಂದ ಹೊಸ ಹಾಳೆಗಳನ್ನು ಮಾಡುವೆವು. ರವಿಕೆಯ ಬಟ್ಟೆಯನ್ನು ವ್ಯರ್ಥವಾಗದಂತೆ ಕತ್ತರಿಸುವದೂ ಒಂದು ಒಳ್ಳೆಯ ಒಗಟೇ.

ಈ ಲೇಖನವನ್ನು ಓದಿದವರ ಕೈಯಲ್ಲಿ ಒಂದು ಒಗಟನ್ನು ಇಡದೆ ಮುಗಿಸುವದು ಯೋಗ್ಯವಲ್ಲ. ಇದೂ ಮಹಾವೀರಾಚಾರ್ಯನ ಗ್ರಂಥದ್ದೇ. ಮೂವರು ವರ್ತಕರು ದಾರಿಯಲ್ಲಿ ಹೋಗುವಾಗ ಒಂದು ಹಣದ ಚೀಲವು ಬಿದ್ದಿರುವದನ್ನು ಕಂಡರು. ಮೊದಲನೆಯವನು, "ಈ ಚೀಲ ನನಗೆ ಸಿಕ್ಕರೆ ನನ್ನ ಹಣವು ನಿಮ್ಮಿಬ್ಬರ ಹಣದ ಎರಡರಷ್ಟಾಗುವದು" ಎಂದನು. ಎರಡನೆಯವನು, "ನನಗೆ ಸಿಕ್ಕರೆ ನಿಮ್ಮಿಬ್ಬರದರ ಮೂರರಷ್ಟಾಗುವದು" ಎಂದನು. ಮೂರನೆಯವನು, "ನನಗಾದರೆ ಐದರಷ್ಟು" ಎಂದನು. ಚೀಲದಲ್ಲಿಯೂ ಒಬ್ಬೊಬ್ಬನ ಹತ್ತಿರವೂ ಇದ್ದ ಹಣವೆಷ್ಟು? ಎಲ್ಲಕ್ಕೂ ಚಿಕ್ಕದಾದ ಪೂರ್ಣಸಂಖ್ಯೆಗಳಲ್ಲಿ ಹೇಳಬೇಕು. ಉತ್ತರವನ್ನು ಇಲ್ಲಿ ಕೊಡುವದಿಲ್ಲ. ಅದರ ಅವಶ್ಯಕತೆಯೂ ಇಲ್ಲ. ತಮಗೆ ಬಂದ ಸಂಖ್ಯೆಗಳನ್ನು ಆ ಮೂವರ ಮಾತುಗಳಲ್ಲಿ ಇಟ್ಟು ನೋಡಿರಿ. ಮೂರು ಮಾತುಗಳೂ ನಿಜವಾದರೆ ತಮ್ಮ ಉತ್ತರವು ಸರಿ.